ಹುಳ ಯಾವ ಜ್ವರದಲ್ಲಿದೆ?

ಮೂವತ್ತೇಳನೇ ವಯಸ್ಸಿಗೆ ನಾನು ನಿವೃತ್ತಳಾದೆ. ಯಾರೂ ಹಾರ ಹಾಕಲಿಲ್ಲ, ಗೋಡೆ ಗಡಿಯಾರ ಕೊಡಲಿಲ್ಲ. ಎರಡು ಕೈಗಳೂ ಒಟ್ಟಿಗೆ ರಾಜೀನಾಮೆ ಕೊಟ್ಟವು, ಅಷ್ಟೆ. ಹದಿನೈದು ವರ್ಷ ಊರವರ ಸೂಕ್ಷ್ಮ ಚರ್ಮ ಕಾಯ್ದ ಕೈಗಳ ಚರ್ಮವೇ ಸೂಕ್ಷ್ಮವಾಗಿಬಿಟ್ಟಿತು. ಕನಕಪುರದ ಚರ್ಮದ ಡಾಕ್ಟರು ನನ್ನ ಬೆರಳುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇನ್ನು ಕ್ರೀಮು, ಶಾಂಪೂ, ಬ್ಲೀಚು ಯಾವುದನ್ನೂ ಮುಟ್ಟಬೇಡಿ ಎಂದರು. ಬ್ಯೂಟಿ ಪಾರ್ಲರಿನಲ್ಲಿ ಅವು ಮೂರನ್ನು ಬಿಟ್ಟರೆ ಉಳಿಯುವುದು ಕುರ್ಚಿ ಮತ್ತು ಕನ್ನಡಿ.

ಈಗ ರಾಮನಗರದಲ್ಲಿ ಈ ಕೆಲಸದ ತರಬೇತಿಗೆ ಸೇರಿರುವ ಹುಡುಗಿಯರು ವಾರಕ್ಕೊಮ್ಮೆ ನನ್ನನ್ನು ಮಾತಾಡಲು ಕರೆಯುತ್ತಾರೆ. ಅವರು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಯಾವ ಕಂಪನಿಯ ಕಿಟ್ ಒಳ್ಳೆಯದು, ಮದುವೆಹೆಣ್ಣಿನ ಮೇಕಪ್ಪಿಗೆ ಎಷ್ಟು ಹೇಳಬಹುದು. ಎರಡಕ್ಕೂ ನನಗಿಂತ ಫೋನೇ ಚೆನ್ನಾಗಿ ಉತ್ತರ ಕೊಡುತ್ತದೆ. ಫೋನಿಗೆ ಗೊತ್ತಿಲ್ಲದ್ದನ್ನು ಇಲ್ಲಿ ಬರೆದಿದ್ದೇನೆ.

ನನಗೆ ಹೈಸ್ಕೂಲಿನಿಂದಲೂ ಡೈರಿ ಬರೆಯುವ ಚಟ. ಕೆಲಸಕ್ಕೆ ಸೇರಿದ ಮೇಲೆ ಅದು ಮೂರು ಸಾಲಿಗೆ ಇಳಿಯಿತು: ಯಾರು ಬಂದರು, ಏನು ಹಚ್ಚಿದೆ, ಮರುದಿನ ಏನಾಯಿತು. ಮೂರನೇ ಸಾಲು ಬರೆಯಬೇಕಾದರೆ ಮರುದಿನ ಫೋನು ಮಾಡಿ ವಿಚಾರಿಸಬೇಕು. ಆ ಕಾಲದ ಪಾರ್ಲರಿನಲ್ಲಿ ಹಾಗೆ ಯಾರೂ ವಿಚಾರಿಸುತ್ತಿರಲಿಲ್ಲ. ಗಿರಾಕಿ ಮೆಟ್ಟಿಲಿಳಿದರೆ ಮುಖ ಅವರದು.

ನನ್ನ ಗುರು ಗಿರಿಜಾ ಮೇಡಂ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹತ್ತಿರದ ಒಂದು ಮಹಡಿಯ ಮೇಲೆ ಅವರ ಪಾರ್ಲರು. ನಾನು ಮಾಗಡಿ ಕಡೆಯ ಗುಡೇಮಾರನಹಳ್ಳಿಯವಳು, ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು, ಬೇಸರಕ್ಕೆ ಕಲಿಯಲು ಸೇರಿದ್ದೆ. ಮೇಡಂ ಹಲ್ಲಿನಲ್ಲಿ ನೂಲು ಕಚ್ಚಿ ಹಿಡಿದರೆ ಎಂಥ ಪೊದೆ ಹುಬ್ಬಾದರೂ ಹದಕ್ಕೆ ಬರುತ್ತಿತ್ತು. ಅವರ ಬಾಯಿಗೆ ಹೆದರಿಯೇ ಬಂತು ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಆದರೆ ಚರ್ಮದ ವಿಷಯದಲ್ಲಿ ಅವರದು ಒಂದೇ ತತ್ವ, ಮುಖ ಅಂದರೆ ಮುಖ. ತೊಳೆ, ಉಜ್ಜು, ಹಬೆ ಕೊಡು, ತಿಕ್ಕು, ಪ್ಯಾಕ್ ಹಾಕು. ರೈತರ ಮನೆಯವರಿಗೂ ಇದೇ, ಬ್ಯಾಂಕಿನವರಿಗೂ ಇದೇ. ಯಾರಾದರೂ ಉರಿಯುತ್ತದೆ ಎಂದರೆ, "ಕೆಲಸ ಮಾಡ್ತಾ ಇದೆ, ಸುಮ್ನಿರಿ" ಎನ್ನುತ್ತಿದ್ದರು.

ನಾನು ಸೇರಿದ ಮೊದಲ ಮದುವೆ ಕಾಲದಲ್ಲೇ ತಿಪ್ಪಸಂದ್ರದ ಕಡೆಯ ಒಬ್ಬ ಮದುವೆಗಂಡು ತಾಯಿಯ ಜೊತೆ ಬಂದ. ಬೆಳಿಗ್ಗೆ ಎರಡು ಸಲ ಕ್ಷೌರ ಮಾಡಿಸಿಕೊಂಡಿದ್ದ, ಮಧ್ಯಾಹ್ನ ಮೇಡಂ ಅದೇ ಕೆನ್ನೆಗಳನ್ನು ಹರಳು ಹರಳಾದ ಕ್ರೀಮಿನಲ್ಲಿ ಉಜ್ಜಿಸಿದರು. ಸಂಜೆಯ ಹೊತ್ತಿಗೆ ಅವನ ಮುಖ ದಾಸವಾಳ. ಆರತಕ್ಷತೆಯಲ್ಲಿ ಹೆಣ್ಣಿನ ಕಡೆಯವರು ಗಂಡಿಗೆ ಎಷ್ಟು ನಾಚಿಕೆ ನೋಡಿ ಎಂದು ಮೆಚ್ಚಿಕೊಂಡರಂತೆ. ಮೇಡಂ ಅದನ್ನೂ ತಮ್ಮ ಜಮೆಗೇ ಹಾಕಿಕೊಂಡರು.

ಮುಖಕ್ಕೆ ಹಚ್ಚುವುದನ್ನು ಮೊದಲು ಕಿವಿಯ ಹಿಂದೆ ಒಂದು ಚೂರು ಹಚ್ಚಿ, ಎರಡು ದಿನ ಕಾಯಬೇಕು ಎಂದು ನಾನು ಒಂದು ಪುಸ್ತಕದಲ್ಲಿ ಓದಿದ್ದೆ. ಪುಸ್ತಕ ಬರೆದವರಿಗೆ ಸಾತನೂರಿನ ಬಸ್ಸು ಗೊತ್ತಿರಲಿಲ್ಲ. ಎರಡು ಬಸ್ಸು ಹತ್ತಿ ಇಳಿದು ಬಂದ ಹೆಂಗಸಿಗೆ ಕಿವಿ ತೋರಿಸಿ ಹೋಗಿ, ನಾಡಿದ್ದು ಬನ್ನಿ ಎಂದರೆ ಅವಳು ಮತ್ತೆ ಬರುವುದು ಮುಂದಿನ ಮದುವೆಗೆ. ಅದಕ್ಕೆ ನಾನು ಒಂದು ಉಪಾಯ ಹೂಡಿದೆ. ಊರಿಂದ ಯಾರಾದರೂ ರಾಮನಗರಕ್ಕೆ ಬಂದಾಗ ಅವರ ಕೈಯಲ್ಲಿ ಕ್ರೀಮಿನ ಚಿಕ್ಕ ಪೊಟ್ಟಣ ಕಟ್ಟಿ ಕಳಿಸುವುದು. ರಾತ್ರಿ ಕಿವಿಯ ಹಿಂದೆ ಹಚ್ಚಿ ಮಲಗಬೇಕು. ಏನೂ ಆಗದಿದ್ದರೆ ಒಂದು ಮಿಸ್ಡ್ ಕಾಲ್, ತುರಿಸಿದರೆ ಎರಡು.

ಉಪಾಯ ಚೆನ್ನಾಗಿಯೇ ನಡೆಯಿತು, ಒಬ್ಬಳನ್ನು ಬಿಟ್ಟು. ಅವಳು ಒಂದೇ ಕಾಲ್ ಕೊಟ್ಟಿದ್ದಳು. ಬಂದು ಕೂತು ಕ್ರೀಮು ಹಚ್ಚಿದ ಹತ್ತು ನಿಮಿಷಕ್ಕೆ ಮುಖದ ತುಂಬ ಗಂದೆ. ಪೊಟ್ಟಣ ಹಚ್ಚಿ ನೋಡಿದ್ದೆಯಾ ಎಂದು ಕೇಳಿದೆ.

"ನೋಡ್ದೆ ಕಣಕ್ಕ. ಏನೂ ಆಗ್ಲಿಲ್ಲ."

"ಕಿವಿ ಹಿಂದೆನೇ ಹಚ್ಚಿದ್ಯಾ?"

"ಊಂ. ನಮ್ಮತ್ತೆ ಕಿವಿ ಹಿಂದೆ."

ಆವತ್ತಿನಿಂದ ಪೊಟ್ಟಣದ ಮೇಲೆ ಹೆಸರು ಬರೆದು ಕೊಡುತ್ತಿದ್ದೆ.

ಭಾಗ್ಯ ಬಂದಿದ್ದು ಇದಾದ ಮುಂದಿನ ವರ್ಷ, ಆಷಾಢ ಶುರುವಾದ ಮೇಲೆ. ಸಾತನೂರಿನ ಹತ್ತಿರದ ಒಂದು ಹಳ್ಳಿಯಿಂದ, ನೆರೆಮನೆಯವರ ರೇಷ್ಮೆ ಗೂಡು ಮಾರುಕಟ್ಟೆಗೆ ಬರುತ್ತಿದ್ದ ಟೆಂಪೋದಲ್ಲಿ ಗಂಡನ ಜೊತೆ ಬಂದಿದ್ದಳು. ಇಪ್ಪತ್ತೈದರ ವಯಸ್ಸು. ಎರಡು ಕೆನ್ನೆಯ ಮೇಲೂ ಒಣಗಿದ ಕೆಂಪು, ಮೂಗಿನ ಪಕ್ಕ ಸಿಪ್ಪೆ ಸಿಪ್ಪೆ. ಇದು ಹೋಗುವ ಹಾಗೆ ಏನಾದರೂ ಮಾಡಿ ಎಂದಳು. ಮೇಡಂ ತಮ್ಮ ಹೊಸ ಗೋಲ್ಡ್ ಫೇಶಿಯಲ್ಲನ್ನು ತಾವೇ ಕೂತು ಮಾಡಿದರು. ಅದರ ಘಮ ಎಷ್ಟಿತ್ತೆಂದರೆ ಕೆಳಗಿನ ಸೈಕಲ್ ಅಂಗಡಿಯವನು ಊದುಬತ್ತಿ ಹಚ್ಚುವುದನ್ನೇ ನಿಲ್ಲಿಸಿದ್ದ. ಭಾಗ್ಯಳ ಕೈ ಒರಟಾಗಿದೆ ಎಂದು ಉಳಿದ ಕ್ರೀಮನ್ನು ನಾನು ಅವಳ ಕೈಗೆ ಮೊಣಕೈವರೆಗೂ ತಿಕ್ಕಿದೆ. ಅವಳು ಸಂತೋಷವಾಗಿಯೇ ಹೋದಳು. ಮರುದಿನ ಫೋನು ಮಾಡಿದರೆ ಸ್ವಿಚ್ ಆಫ್.

ಅದರ ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಒಂದು ಹಸಿರು ಸೀರೆ ಬಂತು, ಅದರ ಹಿಂದೆ ಸೆರಗಿನಲ್ಲಿ ಕಣ್ಣಷ್ಟೇ ಬಿಟ್ಟು ಮುಖ ಮುಚ್ಚಿಕೊಂಡ ಭಾಗ್ಯ. ಹಸಿರು ಸೀರೆ ಅವಳ ಅತ್ತೆ ಜಯಮ್ಮ. ಅರವತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು. ಒಳಗೆ ಬಂದು ಒಮ್ಮೆ ಮೂಗು ಅರಳಿಸಿ, ಕೈಯಲ್ಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ಮೇಡಂ ಮುಂದೆ ಇಟ್ಟು ಮುಚ್ಚಳ ತೆಗೆದರು. ಒಳಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಏಳೆಂಟು ರೇಷ್ಮೆ ಹುಳ ತಲೆ ಎತ್ತಿ ಅತ್ತಿತ್ತ ನೋಡುತ್ತಿದ್ದವು. ಮೇಡಂ ಸ್ಟೂಲಿನ ಮೇಲೆ ಹತ್ತಿದರು. ಮಾರುಕಟ್ಟೆಯ ಪಕ್ಕದಲ್ಲೇ ಅಷ್ಟು ವರ್ಷವಿದ್ದರೂ ಅವರು ಗೂಡು ನೋಡಿದ್ದರೇ ಹೊರತು ಹುಳ ನೋಡಿರಲಿಲ್ಲ.

"ಜಗಳ ಆಡಕ್ಕೆ ಬಂದಿಲ್ಲ ಮೇಡಮ್ಮೋರೆ, ಇಳೀರಿ. ಇವನ್ನ ಒಂದ್ ಮಾತು ಕೇಳ್ಕೊಂಡು ಹೋಗಾನ ಅಂತ ಬಂದೆ."

ಆಗಿದ್ದೇನೆಂದು ಅವರೇ ಹೇಳಿದರು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ಒಂದು ದಿನ ತಿನ್ನದೆ ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಜ್ವರದ ದಿನ ಸೊಪ್ಪು ಹಾಕುವ ಕೆಲಸವಿಲ್ಲ, ಹುಳದ ಮನೆಯ ಹೆಂಗಸರಿಗೆ ಸಿಗುವ ರಜೆ ಅದೊಂದೇ. ಭಾಗ್ಯ ಬಂದಿದ್ದು ಮೂರನೇ ಜ್ವರದ ದಿನ. ಸಂಜೆ ಮನೆಗೆ ಹೋಗುವ ಹೊತ್ತಿಗೆ ಹುಳ ಜ್ವರದಿಂದ ಎದ್ದಿದ್ದವು. ಎದ್ದ ಹುಳದ ಮೇಲೆ ರೋಗ ಬರದಂತೆ ಸುಣ್ಣ ಬೆರೆತ ಔಷಧದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಉದುರಿಸಬೇಕು. ಆಮೇಲೆ ಸೊಪ್ಪು ಹಾಕಬೇಕು. ಭಾಗ್ಯ ಎರಡನ್ನೂ ಮಾಡಿದಳು. ಮೇಡಂ ಆಗಷ್ಟೇ ಉಜ್ಜಿ, ಹಬೆ ಕೊಟ್ಟು ಎಳಸು ಮಾಡಿದ್ದ ಮುಖದ ಮೇಲೆ ಆ ಸುಣ್ಣದ ಪುಡಿ ಕೂತಿತು. ನಾನು ತಿಕ್ಕಿದ ಘಮಘಮ ಕೈ ಸೊಪ್ಪಿನ ಮೇಲೆ ಆಡಿತು. ಬೆಳಗ್ಗೆ ನೋಡಿದರೆ ಮುಖ ಸುಟ್ಟ ಹಾಗೆ ಊದಿದೆ, ಅವಳು ಸೊಪ್ಪು ಹಾಕಿದ ಸ್ಟ್ಯಾಂಡಿನ ಹುಳ ಒಂದೆಲೆಯನ್ನೂ ಮುಟ್ಟಿಲ್ಲ. ಪಕ್ಕದ ಸ್ಟ್ಯಾಂಡಿಗೆ ಜಯಮ್ಮ ಹಾಕಿದ್ದ ಸೊಪ್ಪಿನಲ್ಲಿ ಕಡ್ಡಿ ಮಾತ್ರ ಉಳಿದಿತ್ತು.

ಜಯಮ್ಮ ಮಾತು ಮುಗಿಸಿ ಎರಡು ಎಲೆ ತೆಗೆದರು. ಒಂದಕ್ಕೆ ಮೇಡಂ ಅವರ ಕ್ರೀಮನ್ನು ಒಂಚೂರು ಸವರಿ, ಇನ್ನೊಂದನ್ನು ಹಾಗೆಯೇ ಇಟ್ಟು, ನಡುವೆ ಹುಳ ಬಿಟ್ಟರು. ಪ್ಯಾಕ್ ಹಾಕಿಕೊಂಡು ಮಾತಾಡಬಾರದು ಎಂದು ನಾವು ಕಣ್ಣು ಮುಚ್ಚಿ ಕೂರಿಸಿದ್ದ ಇಬ್ಬರು ಗಿರಾಕಿಗಳು ಎದ್ದು ಬಂದು ಬಗ್ಗಿ ನಿಂತರು. ಹುಳ ಕ್ರೀಮಿನ ಎಲೆಯ ಹತ್ತಿರ ಹೋಗಿ, ತಲೆ ಎತ್ತಿ, ಮೆಲ್ಲಗೆ ತಿರುಗಿಕೊಂಡು ಬರೀ ಎಲೆಗೆ ಹೋದವು. ಒಂದೂ ತಪ್ಪಲಿಲ್ಲ. ಒಬ್ಬಾಕೆಯ ಪ್ಯಾಕು ನಗುವಿಗೆ ಬಿರುಕು ಬಿಟ್ಟಿತು.

"ನನ್ನ ಹುಳಕ್ಕೆ ಬ್ಯಾಡ್ವಂತೆ," ಎಂದು ಜಯಮ್ಮ ಮುಚ್ಚಳ ಹಾಕಿದರು. "ಹುಡುಗಿ ಮುಖಕ್ಕೆ ಬೇಕಾಗಿತ್ತಾ, ನೀವೇ ಹೇಳಿ."

ಮೇಡಂ ಸ್ಟೂಲಿನಿಂದ ಇಳಿದು, ಜೀವನದಲ್ಲಿ ಮೊದಲ ಬಾರಿಗೆ, ನನ್ನ ಕಡೆ ನೋಡಿ "ನೀನು ಏನಾದ್ರೂ ಮಾಡು ಸುಧಾ" ಎಂದರು.

ಭಾಗ್ಯಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ತಣ್ಣೀರಿನ ಬಟ್ಟೆ ಇಟ್ಟೆ. ಅಳುತ್ತಿದ್ದಳು. ಮುಖ ಸರಿಹೋಗುತ್ತದೆ, ಮೊದಲು ಡಾಕ್ಟರಿಗೆ ತೋರಿಸೋಣ ಎಂದರೆ ಅದಲ್ಲ ಎಂಬಂತೆ ತಲೆ ಆಡಿಸಿದಳು.

"ಮುಖ ಹೋದ್ರೆ ಹೋಗ್ಲಿ ಅಕ್ಕ. ಹುಳದ್ ಮನೆಯಿಂದ ಆಚೆಗ್ ಹಾಕ್ಬುಡ್ತಾರೆ."

ಆ ಮನೆಯಲ್ಲಿ ಅಡುಗೆಮನೆ ಹಿರಿಸೊಸೆಯದು, ಹಟ್ಟಿಯ ಹಸುಗಳು ಮಾವನವು. ಭಾಗ್ಯ ಕಾಲಿಟ್ಟ ಮೇಲೆ ತನ್ನದೆಂದು ಗಿಟ್ಟಿಸಿಕೊಂಡಿದ್ದು ಹುಳದ ಮನೆ ಒಂದನ್ನೇ. ಅವಳು ನೋಡಿಕೊಂಡ ಒಂದು ಬೆಳೆಯೂ ಕೆಟ್ಟಿರಲಿಲ್ಲ. ಆದರೆ ಪ್ರತಿ ಬೆಳೆಗೂ ಸುಣ್ಣಕ್ಕೆ, ಹುಳದ ಮನೆ ತೊಳೆಯುವ ಬ್ಲೀಚಿಂಗ್ ಪುಡಿಗೆ ಮುಖ ಕೆಂಪಾಗುತ್ತ ಬಂದಿತ್ತು. ಅದನ್ನು ಮನೆಯವರ ಕಣ್ಣಿಗೆ ಬೀಳದಂತೆ ಹೋಗಲಾಡಿಸಿಕೊಳ್ಳಲೆಂದೇ ನಮ್ಮಲ್ಲಿಗೆ ಬಂದಿದ್ದಳು. ನಾವು ಊರಿಗೇ ಕಾಣುವ ಹಾಗೆ ಮಾಡಿ ಕಳಿಸಿದ್ದೆವು. ಜಯಮ್ಮ ಬಸ್ಸಿನಲ್ಲೇ ತೀರ್ಮಾನ ಹೇಳಿದ್ದರಂತೆ. ಈ ಚರ್ಮಕ್ಕೆ ಹುಳದ ಮನೆ ಆಗಿಬರುವುದಿಲ್ಲ, ಇವಳು ಒಳಗಿರಲಿ, ಹುಳಕ್ಕೆ ಕೂಲಿಯವಳನ್ನು ಇಡೋಣ.

ನಾನು ಹೊರಗೆ ಬಂದು ಜಯಮ್ಮನ ಮುಂದೆ ನಿಂತು ಒಂದು ಅವಕಾಶ ಕೇಳಿದೆ. ಅವರು ನನ್ನ ಕೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ಕೆಳಗೆ ಬಿಟ್ಟರು.

"ಒಂದ್ ಬೆಳೆ ನೋಡಾನ ಕಣವ್ವ. ಮುಖ ಹಿಂಗೇ ಇದ್ರೆ ಇವ್ಳು ಅಡುಗೆಮನೆಗೆ."

ಮಂಗಳವಾರ ಪಾರ್ಲರಿಗೆ ರಜೆ. ಮುಂದಿನ ಬೆಳೆಯ ಪ್ರತಿ ಮಂಗಳವಾರವೂ ನಾನು ಸರ್ಕಾರಿ ಬಸ್ಸಿನಲ್ಲಿ ಸಾತನೂರಿಗೆ ಹೋದೆ. ಮೊದಲ ದಿನ ಹುಳದ ಮನೆಯ ಬಾಗಿಲಲ್ಲೇ ಜಯಮ್ಮ ತಡೆದರು. ಮುಡಿದಿದ್ದ ಮಲ್ಲಿಗೆ ತೆಗೆಸಿದರು. ಮುಖದ ಪೌಡರು ತೊಳೆಸಿದರು. ಔಷಧದ ನೀರಿನಲ್ಲಿ ಕೈಕಾಲು ಅದ್ದಿಸಿದರು. ಅಷ್ಟಾದ ಮೇಲೂ ಒಮ್ಮೆ ಮೂಸಿ, "ಈಗ ಮನ್ಸಳಂಗಿದ್ದೀಯ, ಬಾ" ಎಂದರು. ನಮ್ಮ ಅಂಗಡಿಗೆ ಬರುವವರನ್ನು ನಾವು ಇಷ್ಟು ವಿಚಾರಿಸಿ ಒಳಗೆ ಬಿಟ್ಟುಕೊಂಡಿದ್ದೆವಾ ಎಂದು ಅಲ್ಲೇ ನಿಂತು ಯೋಚಿಸಿದೆ.

ಒಳಗೆ ಭಾಗ್ಯ ಕೆಲಸ ಮಾಡುವುದನ್ನು ನೋಡಿದೆ. ಜ್ವರದಿಂದ ಆಗಷ್ಟೇ ಎದ್ದ ಹುಳದ ಮೈ ಹೊಸದು, ಒತ್ತಿದರೆ ಕೆಟ್ಟಿತು. ಅವಳು ಅವನ್ನು ಹಿಡಿಯುತ್ತಲೇ ಇರಲಿಲ್ಲ. ಎಲೆ ಮುಂದಿಟ್ಟು, ಅವು ತಾವಾಗಿ ಹತ್ತಿದ ಮೇಲೆ ಎಲೆಯನ್ನು ಎತ್ತುತ್ತಿದ್ದಳು. ಬೆರಳಿನಿಂದ ಎತ್ತಲೇಬೇಕಾದಾಗ ಬೆರಳ ತುದಿಯಲ್ಲ, ಬೆರಳ ಹೊಟ್ಟೆ ಮಾತ್ರ ತಾಗಿಸುತ್ತಿದ್ದಳು. ನಮಗೆ ತರಬೇತಿಯಲ್ಲಿ ರಕ್ತ ಓಡಾಡುವ ಹಾಗೆ ತಿಕ್ಕಿ ಎಂದು ಕಲಿಸಿದ್ದರು. ಕೆಂಪಗಾದ ಮುಖದಲ್ಲಿ ರಕ್ತ ಆಗಲೇ ಬೇಕಾದಷ್ಟು ಓಡಾಡುತ್ತಿರುತ್ತದೆ. ಆ ದಿನದಿಂದ ಸೂಕ್ಷ್ಮ ಚರ್ಮವನ್ನು ನಾನು ತಿಕ್ಕುವುದನ್ನು ನಿಲ್ಲಿಸಿ, ಬೆರಳ ಹೊಟ್ಟೆಯಿಂದ ತಾಗಿಸುವುದನ್ನು ಅಭ್ಯಾಸ ಮಾಡಿದೆ. ಹುಡುಗಿಯರೇ, ಇದೊಂದು ಕೈಗೆ ಬಂದರೆ ಅರ್ಧ ಕೆಲಸ ಬಂದ ಹಾಗೆ.

ಆ ಡಬ್ಬಿಯ ದಿನವೇ ಭಾಗ್ಯಳನ್ನು ಡಾಕ್ಟರಿಗೆ ತೋರಿಸಿದ್ದೆ. ಅವರು ಕೊಟ್ಟ ಮುಲಾಮು ಅವರ ಕೆಲಸ, ಅದಕ್ಕೆ ನಾನು ಕೈ ಹಾಕಲಿಲ್ಲ. ಆ ಮುಲಾಮು ಕೆಲಸ ಮಾಡುವಾಗ ನಾವು ಅಡ್ಡ ಬರಬಾರದು, ಅಷ್ಟೇ ನಮ್ಮ ಪಾಲು. ಪುಡಿ ಉದುರಿಸುವಾಗ ಮೂಗು ಬಾಯಿ ಕೆನ್ನೆ ಮುಚ್ಚುವ ಹಾಗೆ ಒದ್ದೆ ಬಟ್ಟೆ ಕಟ್ಟಬೇಕು. ಮುಗಿದ ಕೂಡಲೇ ಸೋಪಿಲ್ಲದೆ ಬರೀ ನೀರಿನಲ್ಲಿ ತೊಳೆಯಬೇಕು. ಹಬೆ ಇಲ್ಲ, ಉಜ್ಜುವುದಿಲ್ಲ, ಬ್ಲೀಚಿನ ಮಾತೇ ಇಲ್ಲ. ಪ್ಯಾಕಿಗೆ ಏನು ಎಂದು ಹುಡುಕುವಾಗ ಕಣ್ಣಿಗೆ ಬಿದ್ದದ್ದು ಅವರ ಮನೆಯ ಮಗುವಿಗೆ ಮಾಡುತ್ತಿದ್ದ ರಾಗಿ ಹಾಲು. ನೆನೆಸಿದ ರಾಗಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ನುಣ್ಣನೆಯ ಹಿಟ್ಟು. ತಣ್ಣಗೆ, ವಾಸನೆಯಿಲ್ಲದೆ, ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ತೆಗೆದುಬಿಡುವುದು.

ಇಷ್ಟನ್ನೂ ಜಯಮ್ಮ ಸುಮ್ಮನೆ ಒಪ್ಪಲಿಲ್ಲ. ನಾನು ತಂದ ಪ್ರತಿಯೊಂದು ಸೀಸೆಯೂ ಮೊದಲು ಅವರ ಮೊರಕ್ಕೆ ಹೋಗಬೇಕು. ಒಂದು ಮೊರದಲ್ಲಿ ಹತ್ತು ಹುಳ ಬೇರೆ ಇಟ್ಟು, ಆ ಕ್ರೀಮು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿ, ಬೆಳಿಗ್ಗೆ ನೋಡುತ್ತಿದ್ದರು. ತಿಂದರೆ ಪಾಸು. ನಾನು ಮೆಚ್ಚಿ ತಂದಿದ್ದ ಮೂರು ಕ್ರೀಮುಗಳಲ್ಲಿ ಎರಡು ಫೇಲಾದವು. ಎರಡೂ ಸುವಾಸನೆಯವು, ಮುಂದೆ ಬೇರೆ ಗಿರಾಕಿಗಳ ಕಿವಿಯ ಹಿಂದೆಯೂ ಅವು ಫೇಲಾದವು. ಹಾಗೆಂದು ಹುಳ ಹೇಳಿದ್ದೇ ಶಾಸ್ತ್ರ ಎಂದು ತಿಳಿಯಬೇಡಿ. ಲೋಳೆಸರ ಮುಟ್ಟಿದ ಕೈಯ ಸೊಪ್ಪನ್ನು ಹುಳ ಚಪ್ಪರಿಸಿ ತಿಂದವು, ಭಾಗ್ಯಳ ಕಿವಿಯ ಹಿಂದೆ ಗುಳ್ಳೆ ಎದ್ದಿತು. ಹುಳ ಒಪ್ಪಬೇಕು, ಕಿವಿಯೂ ಒಪ್ಪಬೇಕು. ಎರಡೂ ಒಪ್ಪಿದ್ದು ಮಾತ್ರ ಮುಖಕ್ಕೆ.

ಎಲ್ಲಕ್ಕಿಂತ ಮುಖ್ಯವಾದದ್ದು ದಿನ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹಗಲು ರಾತ್ರಿ ತಿನ್ನುತ್ತವೆ, ಮನೆಯವರಿಗೆ ತಲೆ ಬಾಚಿಕೊಳ್ಳಲೂ ಬಿಡುವಿಲ್ಲ. ಆಮೇಲೆ ಹುಳ ಹಣ್ಣಾಗುತ್ತವೆ, ಗೂಡು ಕಟ್ಟಲು ಅವನ್ನು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಹತ್ತಿಸುತ್ತಾರೆ. ಹತ್ತಿಸಿದ ಮೇಲೆ ಗೂಡು ಬಿಡಿಸುವವರೆಗೂ ಪುಡಿಯಿಲ್ಲ, ಸೊಪ್ಪಿಲ್ಲ. ಮುಖಕ್ಕೆ ಏನಾದರೂ ಮಾಡುವುದಾದರೆ ಆ ದಿನಗಳಲ್ಲೇ ಮಾಡಬೇಕು. ಹಬ್ಬ ನೋಡಿ, ಮದುವೆ ನೋಡಿ ಫೇಶಿಯಲ್ಲಿಗೆ ದಿನ ಕೊಡುತ್ತಿದ್ದ ನಾನು ಹುಳ ನೋಡಿ ದಿನ ಕೊಡಲು ಕಲಿತೆ.

ಆ ಬೆಳೆಯಲ್ಲಿ ನಾಲ್ಕನೇ ಜ್ವರ ಎದ್ದ ಮಧ್ಯಾಹ್ನ ಒಂದು ತಪ್ಪಾಯಿತು. ಮೋಡ ಕವಿದು ಬರುತ್ತಿದೆ ಎಂಬ ಗಡಿಬಿಡಿಯಲ್ಲಿ ಭಾಗ್ಯ ಬಟ್ಟೆ ಕಟ್ಟದೆ ಪುಡಿ ಉದುರಿಸಿಬಿಟ್ಟಳು. ಮರುದಿನ ನಾನು ಹೋದಾಗ ಎಡಗೆನ್ನೆ ಮತ್ತೆ ಕೆಂಪಾಗಿತ್ತು. ಅವಳು ಬಾಗಿಲಿಗೆ ಬೆನ್ನು ಮಾಡಿ ಸೊಪ್ಪು ಹಾಕುತ್ತಿದ್ದಳು, ಅತ್ತೆ ಬಂದ ಕಡೆಗೆಲ್ಲ ಬಲಗೆನ್ನೆ ತಿರುಗಿಸುತ್ತಿದ್ದಳು. ಜಯಮ್ಮ ನೋಡಿದರು. ಸಂಜೆ ಬಸ್ಸಿಗೆ ಹೊರಟಾಗ ಕೂಲಿಯವಳನ್ನು ಮಾತಾಡಿ ಇಟ್ಟಿದ್ದೇನೆ ಎಂದಷ್ಟೇ ನನಗೆ ತಿಳಿಸಿದರು. ಬಸ್ಸಿನಲ್ಲಿ ಕೂತು ಡೈರಿಯ ಮೂರನೇ ಸಾಲನ್ನು ಬರೆಯಲು ಮನಸ್ಸಾಗಲಿಲ್ಲ.

ಆದರೆ ಸುಣ್ಣ ತಾಗಿದ ಕೂಡಲೇ ಭಾಗ್ಯ ಮರೆಯದೆ ನೀರಿನಲ್ಲಿ ತೊಳೆದಿದ್ದಳು. ಹುಳ ಚಂದ್ರಿಕೆಗೆ ಹತ್ತುವ ಹೊತ್ತಿಗೆ ಕೆಂಪು ಇಳಿಯಿತು. ಗೂಡು ಗಟ್ಟಿಯಾಗಿ ಬಂತು. ಗೂಡು ಬಿಡಿಸುವ ದಿನ ಜಯಮ್ಮ ಸೊಸೆಯ ಮುಖವನ್ನು ಬಿಸಿಲಿಗೆ ತಿರುಗಿಸಿ, ಗೂಡು ಪರೀಕ್ಷೆ ಮಾಡುವ ಹಾಗೆ ನೋಡಿದರು.

"ಒಸಿ ವಾಸಿ," ಎಂದರು. "ಇನ್ನೊಂದ್ ಬೆಳೆ ನೋಡಾನ."

ಆ ಇನ್ನೊಂದು ಬೆಳೆ ಎಷ್ಟು ವರ್ಷ ನಡೆಯುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ. ಪ್ರತಿ ಬೆಳೆಯ ಕೊನೆಗೂ ಅದೇ ಬಿಸಿಲು, ಅದೇ ಪರೀಕ್ಷೆ, ಅದೇ ಮಾತು. ಕೂಲಿಯವಳು ಮಾತಾಡಿ ಇಟ್ಟ ಹಾಗೆಯೇ ಇದ್ದಳು, ಬರಲೂ ಇಲ್ಲ, ಬೇಡವೆನಿಸಿಕೊಳ್ಳಲೂ ಇಲ್ಲ. ಭಾಗ್ಯ ಹುಳದ ಮನೆಯಲ್ಲೇ ಇದ್ದಳು, ಆದರೆ ಗಡುವಿನ ಮೇಲೆ.

ಈ ನಡುವೆ ಗಿರಿಜಾ ಮೇಡಂ ಬದಲಾದರು. ತಾವಾಗಿ ಅಲ್ಲ, ಗಿರಾಕಿಗಳಿಂದ. ಡಬ್ಬಿಯ ಹುಳದ ಕಥೆ ಮಾರುಕಟ್ಟೆಯಲ್ಲೆಲ್ಲ ಹಬ್ಬಿ, ಗೂಡು ತಂದವರ ಹೆಂಡಂದಿರು "ಹುಳ ಒಪ್ಪಿದ ಫೇಶಿಯಲ್" ಕೇಳಿಕೊಂಡು ಮೆಟ್ಟಿಲು ಹತ್ತತೊಡಗಿದರು. ಮೇಡಂ ಗೋಡೆಯ ಪಟ್ಟಿಯಲ್ಲಿ ಅದನ್ನೂ ಸೇರಿಸಿ, ಗೋಲ್ಡಿಗಿಂತ ಮೇಲೆ ಬರೆಸಿದರು. ಅವರೇ ಕಂಡುಹಿಡಿದಿದ್ದು ಎಂದು ಹೇಳಿಕೊಳ್ಳುವುದನ್ನೂ ಕೇಳಿದ್ದೇನೆ. ನಾನು ಮುಂದೆ ಸಾತನೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೇ ಅಂಗಡಿ ಇಟ್ಟಾಗ ಒಂದು ಕನ್ನಡಿ ಕೊಟ್ಟು ಹರಸಿದವರೂ ಅವರೇ, ಹಾಗಾಗಿ ಲೆಕ್ಕ ಚುಕ್ತಾ.

ನನ್ನ ಅಂಗಡಿಯಲ್ಲಿ ಯಾರೇ ಬಂದು ಕೂತರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ಹುಳ ಯಾವ ಜ್ವರದಲ್ಲಿದೆ? ಚನ್ನಪಟ್ಟಣದಿಂದ ನೆಂಟರ ಮನೆಗೆ ಬಂದಿದ್ದ ಒಬ್ಬಾಕೆ ಗಾಬರಿಯಾಗಿ ಎದ್ದುನಿಂತರು. ಆಕೆ ಬೊಂಬೆ ಮಾಡುವ ಕಾರ್ಖಾನೆಯಲ್ಲಿ ಅರಗಿನ ಬಣ್ಣ ಹಚ್ಚುವವರು. ಹುಳ ಇಲ್ಲದಿದ್ದರೆ ಬೇಡ, ನಿಮ್ಮ ಕೆಲಸ ಏನು ಎಂದು ಕೇಳಿದೆ. ದಿನವಿಡೀ ತಿರುಗುವ ಮರದ ಪುಡಿ ಮುಖಕ್ಕೆ ಹಾರಿ, ಬೆವರಿನಲ್ಲಿ ಅಂಟಿ, ಸೆರಗಿನಿಂದ ಒರೆಸಿ ಒರೆಸಿ ಆಕೆಯ ಚರ್ಮ ಆಗಲೇ ಉಜ್ಜಿಹೋಗಿತ್ತು. ಅಂಥವರಿಗೆ ನಾವು ಮತ್ತೆ ಉಜ್ಜಿದರೆ ಉಳಿಯುವುದೇನು? ಚರ್ಮ ಎಣ್ಣೆಯದೋ ಒಣದೋ ಎಂದು ತರಬೇತಿಯಲ್ಲಿ ಕೇಳಲು ಕಲಿಸುತ್ತಾರೆ. ಅದಕ್ಕೂ ಮೊದಲು ಕೆಲಸ ಏನು ಎಂದು ಕೇಳಿ. ಎಲ್ಲರ ಮನೆಯಲ್ಲೂ ಒಂದು ಹುಳ ಇರುತ್ತದೆ, ಅದು ಯಾವ ಜ್ವರದಲ್ಲಿದೆ ಎಂದು ತಿಳಿಯದೆ ಮುಖ ಮುಟ್ಟಬಾರದು.

ಈಗೀಗ ಕೆಲಸದ ರೀತಿಯೇ ಬೇರೆಯಾಗಿದೆ. ಹುಡುಗಿಯರು ಫೋನು ನೋಡಿ ಮೂರು ಬಗೆಯ ಸೀರಮ್ಮನ್ನು ಒಂದರ ಮೇಲೊಂದು ಹಚ್ಚಿಕೊಂಡು, ಉರಿದಾಗ ಬರುತ್ತಾರೆ. ಎಲ್ಲರೂ ನಮ್ಮದು ಸೆನ್ಸಿಟಿವ್ ಸ್ಕಿನ್ ಎನ್ನುತ್ತಾರೆ, ಹೆಮ್ಮೆಯಿಂದ. ಮೊದಲಿನವರು ಇದ್ದರೂ ಮುಚ್ಚಿಡುತ್ತಿದ್ದರು. ನನ್ನ ಡೈರಿಯ ಮೊದಲ ವರ್ಷಗಳಲ್ಲಿ ನಾನು ಏನೇನು ಹಚ್ಚಿದೆ ಎಂಬ ಸಾಲು ಉದ್ದ ಇರುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದು ಎರಡು ಮೂರು ಪದ. ಕೆಲಸ ಬಂತು ಎನ್ನುವುದಕ್ಕೆ ನನಗೆ ಇದೊಂದೇ ಗುರುತು ಕಂಡಿದ್ದು.

ಭಾಗ್ಯ ಚಂದ್ರಿಕೆಯ ದಿನಗಳಲ್ಲಿ ಮುಖ ತೋರಿಸಲು ಬರುತ್ತಿದ್ದವಳು ಮೆಲ್ಲಗೆ ಕೆಲಸ ಕಲಿಯಲು ಶುರುಮಾಡಿದಳು. ಆ ಕೈಗೆ ನಾನು ಕಲಿಸಬೇಕಾದ್ದು ಹೆಚ್ಚೇನಿರಲಿಲ್ಲ. ನನ್ನ ಬೆರಳು ಒಡೆಯಲು ತೊಡಗಿದಾಗ ಮೊದಲು ಪತ್ತೆ ಹಚ್ಚಿದವಳೂ ಅವಳೇ. ಆ ಕ್ರೀಮು, ಈ ಕೈಗವಸು ಎಂದು ಒಂದು ವರ್ಷ ತಳ್ಳಿದೆ. ಆಮೇಲೆ ಡಾಕ್ಟರು ಹೇಳಿದ ದಿನ ಬಂತು.

ಅಂಗಡಿಯಲ್ಲಿ ನನ್ನ ಕೊನೆಯ ದಿನ ಜಯಮ್ಮ ಬಂದರು. ನನ್ನ ಎಷ್ಟೋ ಸೀಸೆಗಳನ್ನು ಪಾಸು ಫೇಲು ಮಾಡಿದವರು ಒಂದು ದಿನವೂ ಕುರ್ಚಿಯಲ್ಲಿ ಕೂತಿರಲಿಲ್ಲ. ಆವತ್ತು ನೇರವಾಗಿ ಬಂದು ಕೂತು, ತಲೆ ಹಿಂದಕ್ಕೆ ಒರಗಿಸಿದರು.

"ಮಾಡವ್ವ ನಂಗೂ ಒಂದ್. ಸಾಯೋದ್ರೊಳಗೆ ಏನಂತ ನೋಡ್ಬುಡಾನ."

ಬಟ್ಟೆ ಸುತ್ತಿದ ನನ್ನ ಎರಡೂ ಕೈ ಎತ್ತಿ ತೋರಿಸಿದೆ. ಅವರು ನೋಡಿದರು, ಕಾಯಿಲೆ ಹುಳವನ್ನು ನೋಡುವ ಹಾಗೆ, ಆದರೆ ಒಸಿ ಪ್ರೀತಿಯಿಂದ. ಆಮೇಲೆ ಸೊಸೆಯ ಕಡೆ ಗಲ್ಲ ಎತ್ತಿದರು. ಭಾಗ್ಯ ಕೈ ತೊಳೆದು ಬಂದಳು. ಅತ್ತೆಯ ಮುಖದ ಮೇಲೆ ಬಗ್ಗಿದವಳು ಬೆರಳು ತಾಗಿಸುವ ಮೊದಲು, ನನ್ನಲ್ಲಿ ಕಲಿತ ರೂಢಿಯಂತೆ, ಒಂದೇ ಮನೆಯಲ್ಲಿ ಇರುವವರು ಎಂಬುದನ್ನೂ ಮರೆತು ಕೇಳಿದಳು.

"ಅತ್ತೆ, ಹುಳ ಯಾವ ಜ್ವರದಲ್ಲೈತೆ?"

ಜಯಮ್ಮ ಕಣ್ಣು ಬಿಡಲಿಲ್ಲ.

"ನನ್ನೇನ್ ಕೇಳೀಯೆ? ನಿನ್ನ ಹುಳ, ನೀನೇ ಹೇಳು."

ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಅದು "ನನ್ನ ಹುಳ" ಎಂದೇ ಇತ್ತು. ಭಾಗ್ಯಳ ಬೆರಳು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಬೆರಳ ಹೊಟ್ಟೆ ಮಾತ್ರ ತಾಗುವ ಹಾಗೆ, ಆ ಸುಕ್ಕು ಹಣೆಯ ಮೇಲೆ ಇಳಿಯಿತು.

ಅಂಗಡಿ ಈಗ ಅವಳದು. ಕನಕಪುರದ ಬಸ್ಸಿಳಿದು ಹೋಗುವವರು ಮೊದಲು ಬಾಗಿಲು ನೋಡಿಕೊಳ್ಳಿ. ಮೊನ್ನೆ ನಾನು ಹೋದಾಗ ಬೀಗ ಹಾಕಿತ್ತು, ರಟ್ಟಿನ ಮೇಲೆ ಅವಳ ದುಂಡು ಅಕ್ಷರದಲ್ಲಿ ಬರೆದಿತ್ತು: "ನಾಲ್ಕನೇ ಜ್ವರ ಎದ್ದಿದೆ. ಹುಳ ಚಂದ್ರಿಕೆಗೆ ಹತ್ತಿದ ಮೇಲೆ ಬನ್ನಿ."